ಸ್ಟೆಪ್ನಿಗೆ ರೈಟ್

ಕಂಡಕ್ಟರಮ್ಮ “ರೈಟ್!” ಅಂದರೆ ಬರೀ ಬಸ್ಸು ಹೊರಡುತ್ತಿರಲಿಲ್ಲ. ಬಸ್ಸಿನ ಮುಂದೆ ಅಡ್ಡಡ್ಡ ನಿಂತಿದ್ದ ಕತ್ತೆ ಹೊರಡುತ್ತಿತ್ತು. ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಕಾಫಿ ಲೋಟ ಬರಿದಾಗಿ ಎಷ್ಟೋ ಹೊತ್ತಾದರೂ ಏಳದೆ ಪೇಪರು ಹಿಡಿದು ಕೂತವರು ಹೊರಡುತ್ತಿದ್ದರು. ಒಂದು ಸಲವಂತೂ ಪೋಸ್ಟಾಫೀಸಿನ ಗೋಡೆಯ ಮೇಲೆ ವರ್ಷಗಟ್ಟಲೆ ನಿಂತೇಹೋಗಿದ್ದ ಗಡಿಯಾರ ಆ ಕೂಗಿಗೆ ಬೆಚ್ಚಿಬಿದ್ದು ಟಿಕ್‌ಟಿಕ್ ಅನ್ನತೊಡಗಿತಂತೆ. ಇದರಲ್ಲಿ ಸ್ವಲ್ಪ ಒಗ್ಗರಣೆ ಇದ್ದರೆ ಅದು ಗಡಿಯಾರದ ವಿಷಯದಲ್ಲಿ ಮಾತ್ರ. ಕತ್ತೆಯದು ಅಪ್ಪಟ ಸತ್ಯ.

ಅವಳ ಬಾಯಲ್ಲಿದ್ದದ್ದು ಎರಡೇ ಮಂತ್ರ. ಬಸ್ಸು ಹೊರಡೋದಕ್ಕೆ “ರೈಟ್”, ನಿಲ್ಲೋದಕ್ಕೆ “ಹೋಲ್ಡಾನ್”. ಒಂದು ಸಲ ರೈಟ್ ಅಂದಮೇಲೆ ಮುಂದಿನ ಸ್ಟಾಪಿನವರೆಗೆ ಹೋಲ್ಡಾನ್ ಅಂದವಳಲ್ಲ ಅನ್ನುವುದು ಅವಳ ದೊಡ್ಡ ಜಂಬ. ಚಪ್ಪಲಿ ಕೈಯಲ್ಲಿ ಹಿಡಿದು ಓಡಿಬರುವವರು ಇನ್ನೂ ಮೂಲೆ ತಿರುಗುವ ಮೊದಲೇ ಅವಳ ಮೂಗಿಗೆ ವಾಸನೆ ಬಡಿಯುತ್ತಿತ್ತು. ಅವರನ್ನು ಹತ್ತಿಸಿಕೊಂಡೇ ರೈಟ್. “ಹೇಳಿದ ರೈಟನ್ನ ವಾಪಸ್ ತಗೊಳ್ಳೋದೂ ಒಂದೇ, ನುಂಗಿದ ತುತ್ತನ್ನ ವಾಪಸ್ ತಗೊಳ್ಳೋದೂ ಒಂದೇ” ಅಂತ ಹೊಸ ಕಂಡಕ್ಟರುಗಳಿಗೆ ಪಾಠ ಹೇಳುತ್ತಿದ್ದಳು.

ಮನೆಯಲ್ಲೂ ಇದೇ ಕಾನೂನು. ಮನೆ ಅಂದರೆ ಕೆಳಗೆ ಗಂಡನ ಸೈಕಲ್ ಶಾಪು, ಮೇಲೆ ಎರಡು ಕೋಣೆ, ನಡುವೆ ಒಬ್ಬರು ಇಳಿಯುತ್ತಿದ್ದರೆ ಇನ್ನೊಬ್ಬರು ಗೋಡೆಗೆ ಅಂಟಿಕೊಳ್ಳಬೇಕಾದ ಮೆಟ್ಟಿಲು. ಗುಜರಿಗೆ ಹೋದ ಹಳೇ ಬಸ್ಸಿನ ಹಿತ್ತಾಳೆ ಗಂಟೆಯನ್ನು ತಂದು ಶಾಪಿನಲ್ಲಿ ತೂಗುಹಾಕಿ, ಅದರ ಹಗ್ಗವನ್ನು ನೆಲದಲ್ಲೊಂದು ತೂತು ಕೊರೆಸಿ ಮೇಲೆ ಅಡುಗೆಮನೆಗೆ ಎಳೆದುಕೊಂಡಿದ್ದಳು. ಒಂದು ಸಲ ಗಂಟೆ ಹೊಡೆದರೆ ಗಂಡ ಕೆಲಸ ನಿಲ್ಲಿಸಿ ಊಟಕ್ಕೆ ಬರಬೇಕು. ಎರಡು ಸಲ ಹೊಡೆದರೆ ಊಟ ಮುಗಿಸಿ ಹೋಗಬೇಕು. ಬೀದಿಯವರ ಬಾಯಲ್ಲಿ ಪಂಚರ್ ರಾಯರು ಎನಿಸಿಕೊಂಡಿದ್ದ ಆ ಗಂಡ ಎಷ್ಟು ಕಡಿಮೆ ಮಾತಿನವರೆಂದರೆ, ಅವರು ಬಾಯಿ ತೆರೆದ ದಿನ ಅಕ್ಕಪಕ್ಕದವರು ರೇಡಿಯೋ ಆರಿಸಿ ಕೇಳುತ್ತಿದ್ದರು. ಯಾರೇ ಊರಿಗೆ ಹೊರಟರೂ ಅವರದ್ದು ಒಂದೇ ಮಾತು, “ಗಾಳಿ ನೋಡ್ಕೊಂಡು ಹೋಗು.” ರೈಲಿನಲ್ಲಿ ಹೋಗುವವರಿಗೂ ಅದೇ.

ಮಕ್ಕಳ ಪ್ರತಿಯೊಂದು ಮೊದಲಿಗೂ ಕಂಡಕ್ಟರಮ್ಮನ ರೈಟ್ ಬೇಕು. ಮೊದಲ ಹೆಜ್ಜೆ, ಮೊದಲ ದಿನದ ಶಾಲೆ, ಯಾರೂ ಹಿಂದೆ ಹಿಡಿಯದೆ ತುಳಿದ ಸೈಕಲ್ಲು. ಎಲ್ಲರೂ ಬಾಗಿಲ ಹತ್ತಿರ ಸಾಲಾಗಿ ನಿಲ್ಲಬೇಕು, ಅವಳು ಸೀರೆಯ ಮೇಲೆ ಖಾಕಿ ಅಂಗಿ ತೊಟ್ಟುಕೊಂಡು ಸೀಟಿ ಊದಿ ರೈಟ್ ಅನ್ನಬೇಕು, ಪಂಚರ್ ರಾಯರು ಕೆಳಗೆ ಗಂಟೆಯನ್ನು ಎರಡು ಸಲ ಬಾರಿಸಬೇಕು. ಆಮೇಲೆ ಇಡೀ ಬೀದಿಗೆ ಸಿಹಿ. ದೊಡ್ಡ ಮಗ ಮೊದಲ ಸಲ ಗಡ್ಡ ಬೋಳಿಸಿಕೊಂಡ ದಿನವೂ ಅವಳು ಕನ್ನಡಿಯ ಮುಂದಿದ್ದವನ ಬೆನ್ನ ಹಿಂದೆ ನಿಂತು ರೈಟ್ ಅಂದಳು. ಅವನು ಬೆಚ್ಚಿ ಕೆನ್ನೆ ಕುಯ್ದುಕೊಂಡ. ಈಗ ಅವನು ಹಡಗಿನಲ್ಲಿ ಅಡುಗೆಯವನು, ದುಂಡಗೆ ಬೆಳೆಸಿಕೊಂಡಿರುವ ಗಡ್ಡಕ್ಕೆ ಕಾರಣ ಕೇಳಿದವರಿಗೆಲ್ಲ ಆ ಗಾಯದ ಗುರುತು ತೋರಿಸುತ್ತಾನೆ. ನಡುವಿನವಳು ನರ್ಸು. ಅವಳ ಮದುವೆಯ ಊಟದ ಹೊತ್ತಿಗೆ ಬಾಗಿಲಲ್ಲಿ ನೂಕುನುಗ್ಗಲು ಕಂಡು ಕಂಡಕ್ಟರಮ್ಮನಿಗೆ ತಡೆಯಲಾಗದೆ, “ಒಳಗೆ ಹೋಗಿ ಒಳಗೆ ಹೋಗಿ, ಒಳಗೆ ಖಾಲಿ ಇದೆ, ಬಾಗಿಲಲ್ಲಿ ನಿಲ್ಬೇಡಿ!” ಅಂದುಬಿಟ್ಟಳು. ಅಳಿಯನ ಕಡೆಯ ಹಿರಿಯರೊಬ್ಬರು ಗಾಬರಿಯಲ್ಲಿ ಜೇಬಿನಿಂದ ಚಿಲ್ಲರೆ ತೆಗೆದು ಕೈಯಲ್ಲಿ ಹಿಡಿದುಕೊಂಡೇ ಊಟಕ್ಕೆ ಕೂತರು.

ಮೂರನೆಯದು ಸ್ಟೆಪ್ನಿ.

ಎರಡು ಮಕ್ಕಳು ಎದೆಯೆತ್ತರ ಬೆಳೆದು ಇನ್ನು ಸಾಕು ಅಂದುಕೊಂಡ ಮೇಲೆ ಹೇಳದೆ ಕೇಳದೆ ಬಂದವಳು. ಡಾಕ್ಟರ ಬಾಯಿಂದ ಸುದ್ದಿ ಕೇಳಿದ ಪಂಚರ್ ರಾಯರು ಬಹಳ ಹೊತ್ತು ಯೋಚಿಸಿ, “ಇರ್ಲಿ, ಒಂದು ಸ್ಟೆಪ್ನಿ ಇದ್ರೆ ಒಳ್ಳೇದೇ” ಅಂದರಂತೆ. ಅದು ಆ ವರ್ಷ ಅವರಾಡಿದ ಅತ್ಯಂತ ಉದ್ದದ ಮಾತು, ಹೆಸರಾಗಿ ಉಳಿದುಬಿಟ್ಟಿತು.

ಈ ಸ್ಟೆಪ್ನಿ ನಡೆಯಲೇ ಇಲ್ಲ. ಅಣ್ಣ ಅಕ್ಕ ಇಬ್ಬರೂ ಬೆನ್ನ ಹಿಂದಿನಿಂದ ರೈಟ್ ಕೇಳಿದ್ದೇ ತಡ ಕುದುರೆಗಳ ಹಾಗೆ ಹೊರಟಿದ್ದರು. ಇವಳು ಸ್ಟೂಲು ಹಿಡಿದು ನಿಲ್ಲುವುದು, ಹಿಂದಿನಿಂದ ರೈಟ್ ಕೇಳಿದ ಕೂಡಲೇ ಕುಂಡೆಯೂರಿ ಕೂತುಬಿಡುವುದು. ಓರಗೆಯ ಮಕ್ಕಳೆಲ್ಲ ಓಡಾಡಿ, ಬಿದ್ದು, ಹಲ್ಲು ಮುರಿದುಕೊಂಡರೂ ಇವಳು ಕೂತಲ್ಲೇ ಕೂತಿದ್ದಳು. ಬೀದಿ ತುಂಬ ಸಲಹೆ. ಒಂದು ಮಧ್ಯಾಹ್ನ ಡ್ಯೂಟಿ ಮುಗಿಸಿ ಬಂದ ಕಂಡಕ್ಟರಮ್ಮ ಶಾಪಿನ ಮುಂದೆ ಮಗು ಸೈಕಲ್ಲಿನ ಕಡ್ಡಿ ಹಿಡಿದು ನಿಂತದ್ದು ನೋಡಿದಳು. ಅವತ್ತು ಅವಳಿಗೆ ಹಿಂದೆ ಹೋಗಿ ನಿಲ್ಲುವಷ್ಟೂ ತ್ರಾಣವಿರಲಿಲ್ಲ. ಮಗುವಿನ ಎದುರಿಗೇ, ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು, ಹಿಂದಕ್ಕೆ ಬರುವ ಬಸ್ಸಿಗೆ ದಾರಿ ತೋರಿಸುವ ಹಾಗೆ ಎರಡೂ ಕೈ ಆಡಿಸುತ್ತ, “ಬರ್ಲಿ, ಬರ್ಲಿ, ಬರ್ಲಿ” ಅಂದಳು. ಸ್ಟೆಪ್ನಿ ಕಡ್ಡಿ ಬಿಟ್ಟಳು. ಬಂದಳು. ಅಮ್ಮನ ಮಡಿಲಲ್ಲೂ ನಿಲ್ಲದೆ ಪಕ್ಕದಿಂದ ತೂರಿಕೊಂಡು ಬೀದಿಯ ತುದಿಯ ತರಕಾರಿ ಗಾಡಿಯವರೆಗೆ ಹೋದಳು! ಆವತ್ತು ಹಿಡಿದ ಓಟ, ಆಮೇಲೆ ನಿಲ್ಲಲೇ ಇಲ್ಲ. ಹೈಸ್ಕೂಲಿಗೆ ಬರುವ ಹೊತ್ತಿಗೆ ಬೀದಿಯ ಎಲ್ಲ ಸೈಕಲ್ಲು, ಹಾಲಿನ ವ್ಯಾನು, ಇಟ್ಟಿಗೆಯ ಟ್ರ್ಯಾಕ್ಟರು ಅವಳ ಕೈಗೆ ಪಳಗಿದ್ದವು. ಬಸ್ ಡ್ರೈವರಿನ ಪರೀಕ್ಷೆಯಲ್ಲಿ ಆ ದೊಡ್ಡ ಗಾಡಿಯನ್ನು ಕಂಬಗಳ ನಡುವೆ ಹಿಂದೆ ಮುಂದೆ ಆಡಿಸಿ ನಿಲ್ಲಿಸಿದಾಗ, ಪರೀಕ್ಷೆ ಮಾಡುವವರು ಕಂಬಕ್ಕೂ ಬಸ್ಸಿಗೂ ನಡುವೆ ಬೆರಳು ತೂರಿಸಿ ನೋಡಿದರು. ತೂರಲಿಲ್ಲ. ಬೆರಳು ಕಿರುಬೆರಳೇ, ಅದೂ ತೆಳ್ಳಗಿನವರದು.

ಪಾಸಾದದ್ದಕ್ಕೆ ಸಿಹಿ ಹಂಚಿದ್ದಾಯಿತು. ಕೆಲಸ ಸಿಕ್ಕಿದ್ದು ಮಾತ್ರ ಗುಡ್ಡಗಳಾಚೆಯ ಡಿಪೋದಲ್ಲಿ. ಅಲ್ಲೇ ರೂಮು ಮಾಡಿಕೊಂಡು ಇರಬೇಕು. ಆ ಡಿಪೋಗೆ ಹೋಗಬೇಕಾಗಿದ್ದ ಹೊಸ ಬಸ್ಸೊಂದು ಇಲ್ಲಿನ ಶೆಡ್ಡಿನಲ್ಲಿ ನಿಂತಿತ್ತು. ಡಿಪೋ ಮ್ಯಾನೇಜರರ ಮೇಜಿನ ಮುಂದೆ ನಿಂತು ಕಂಡಕ್ಟರಮ್ಮ ಒಂದೇ ಉಸಿರಿಗೆ ಒಪ್ಪಿಸಿದಳು: ಆ ಬಸ್ಸನ್ನ ಪ್ರಯಾಣಿಕರ ಸಮೇತ ನನ್ನ ಮಗಳೇ ಓಡಿಸ್ಕೊಂಡು ಹೋಗ್ಲಿ, ಊರಾಚೆ ಸೇತುವೆ ಸ್ಟಾಪಿನವರೆಗೆ ನಾನೇ ಕಂಡಕ್ಟರು, ಅಲ್ಲಿಂದ ಆ ಡಿಪೋದ ಕಂಡಕ್ಟರು ಹತ್ಕೊಳ್ಲಿ. ಮ್ಯಾನೇಜರು ಮೊದಲು ಆಗಲ್ಲ ಅಂದರು. ಅವಳು ಇನ್ನೊಂದು ಸಲ ಹೇಳಿದಳು, ಈ ಸಲ ಸ್ಟ್ಯಾಂಡಿನ ದನಿಯಲ್ಲಿ. ಪೇಪರ್‌ವೇಟಿನ ಕೆಳಗಿದ್ದ ಕಾಗದಗಳು ಕೂಡ ಪಟಪಟ ಅಂದವು. ಮ್ಯಾನೇಜರು ಆಗಲಿ ಅಂದರು.

ಕ್ಯಾಂಟೀನಿನಲ್ಲಿ ಈ ಸುದ್ದಿಯನ್ನು ಅವಳು ಬಡಿಸಿದ ಬಗೆ ಬೇರೆ. “ಮ್ಯಾನೇಜರೇ ಕುರ್ಚಿ ಬಿಟ್ಟು ಎದ್ದು ಬಂದು, ನೀವೇ ರೈಟ್ ಹೇಳ್ಬೇಕು ಕಂಡಕ್ಟರಮ್ಮಾ, ಇಲ್ದಿದ್ರೆ ಹೊಸ ಬಸ್ಸಿನ ಇಂಜಿನ್ನಿಗೆ ಅವಮಾನ ಅಂದ್ರು.”

ಎದುರಿಗೆ ಕೂತಿದ್ದವನು ಮೀಸೆ. ಅವಳ ಜೊತೆ ಎಷ್ಟೋ ವರ್ಷ ಒಂದೇ ಬಸ್ಸಿನಲ್ಲಿ ಡ್ಯೂಟಿ ಮಾಡಿದ ಡ್ರೈವರು. ಆ ಮೀಸೆ ಎಷ್ಟು ಅಗಲ ಅಂದರೆ ಕಿರಿದಾದ ಸಂದಿಗಳಲ್ಲಿ ಬಸ್ಸು ತೂರಿದರೂ ಮೀಸೆ ತೂರುವುದು ಅನುಮಾನ. ಅವನು ಟೀ ಊದುತ್ತ ಹೇಳಿದ, “ಎಲ್ಲ ಸರಿ ಕಂಡಕ್ಟರಮ್ಮಾ. ಆದ್ರೆ ನಿನ್ನ ಬಾಯಿಂದ ಆ ರೈಟ್ ಹೊರಡಲ್ಲ.”

“ಏನಂದೆ?”

“ಸೇತುವೆ ಹತ್ರ ನೀನು ಕೆಳಗೆ ನಿಂತ್ಕೊಂಡು ಹೇಳ್ಬೇಕು. ಇದುವರೆಗೂ ಬಸ್ಸಿಗೆ ರೈಟ್ ಹೇಳಿ ನೀನು ಕೆಳಗೆ ಉಳ್ಕೊಂಡಿದ್ದೀಯಾ? ಒಂದು ಸಲ?”

“ದೊಡ್ಡೋನಿಗೆ ಹೇಳಿಲ್ವಾ? ಮಧ್ಯದೋಳಿಗೆ ಹೇಳಿಲ್ವಾ? ಹೊಸ್ತಿಲಲ್ಲೇ ಹೇಳಿದೀನಿ, ಇಡೀ ಬೀದಿ ಸಾಕ್ಷಿ!”

“ಹೊಸ್ತಿಲಲ್ಲಿ ಹೇಳಿದೆ. ಆಮೇಲೆ ನಮ್ಮ ಬಸ್ಸಲ್ಲೇ ಕೂರಿಸ್ಕೊಂಡು ಸ್ಟೇಷನ್ನಿಗೆ ಬಿಟ್ಟೆ. ನಾನೇ ತಾನೆ ಓಡಿಸಿದ್ದು? ರೈಲಿಗೆ ರೈಟ್ ಹೇಳಿದ್ದು ಗಾರ್ಡು ಕಣಮ್ಮಾ, ನೀನಲ್ಲ.”

ಕಂಡಕ್ಟರಮ್ಮ ಅವನ ಟೀಯನ್ನೇ ಎತ್ತಿ ಕುಡಿದಳು. ಆಮೇಲೆ ಲೋಟ ಕುಕ್ಕಿ, “ನೋಡ್ತಾ ಇರು ಮೀಸೆ. ನಾನು ಸೇತುವೆ ಹತ್ರ ರೈಟ್ ಅಂದ್ರೆ ಗುಡ್ಡದಾಚೆ ನಿಂತಿರೋ ಬಸ್ಸುಗಳೂ ಹೊರಡ್ಬೇಕು. ಹೊರಡಲಿಲ್ಲ ಅಂದ್ರೆ ಈ ಖಾಕಿ ನಿನ್ನ ಮೀಸೆಗೆ ಹೊದಿಸಿ ಮನೆಗೆ ಹೋಗ್ತೀನಿ” ಅಂದಳು. ಸುತ್ತ ಕೂತವರೆಲ್ಲ ಚಪ್ಪಾಳೆ ತಟ್ಟಿದರು. ಮನೆಗೆ ಬರುವ ದಾರಿಯುದ್ದಕ್ಕೂ ಮಾತ್ರ ಅವಳಿಗೆ ಗಾರ್ಡಿನ ಹಸಿರು ಬಾವುಟವೇ ಕಣ್ಣ ಮುಂದೆ ಆಡುತ್ತಿತ್ತು. ಹೌದಲ್ಲ! ಇಷ್ಟು ವರ್ಷ ಹೊರಡಿಸಿದವಳು ತಾನೇ, ಹೊರಟವಳೂ ತಾನೇ. ರೈಟ್ ಅಂದ ಮೇಲೆ ಹಿಂದೆ ಉಳಿದವರಿಗೆ ಏನಾಗುತ್ತದೆ ಅಂತ ಅವಳು ತಿರುಗಿ ನೋಡಿದ್ದೇ ಇಲ್ಲ.

ಹೊರಡುವ ದಿನ ಬೆಳಿಗ್ಗೆ ಮೆಟ್ಟಿಲ ಮೇಲೆ ಟ್ರಾಫಿಕ್ ಜಾಮು. ದೊಡ್ಡವನು ಹಡಗಿನಿಂದ ರಜೆ ಹಾಕಿ ಬಂದು, ಇಡೀ ಹಡಗಿಗೆ ಸಾಲುವಷ್ಟು ಬುತ್ತಿ ಕಟ್ಟಿದ್ದ. ನಡುವಿನವಳು ಗಂಡನ ಜೊತೆ ಬಂದು, ತಂಗಿಯ ಪೆಟ್ಟಿಗೆಯಲ್ಲಿ ಬಟ್ಟೆಗಿಂತ ಹೆಚ್ಚಾಗಿ ಮುಲಾಮು, ಬ್ಯಾಂಡೇಜು ತುಂಬಿದಳು.

“ಅಕ್ಕಾ, ನಾನು ಬಸ್ಸು ಓಡಿಸೋಕೆ ಹೋಗ್ತಿರೋದು, ಯುದ್ಧಕ್ಕಲ್ಲ” ಅಂದಳು ಸ್ಟೆಪ್ನಿ.

“ಅಮ್ಮನ ಮಗಳಲ್ವಾ ನೀನು? ಹತ್ತೋರಿಗೆ ಬೇಕಾಗುತ್ತೆ ಬಿಡು.”

ಹೊಸ ಬಸ್ಸು ಸ್ಟ್ಯಾಂಡಿನಲ್ಲಿ ಮದುಮಗನ ಹಾಗೆ ನಿಂತಿತ್ತು. ಸೀಟುಗಳ ಪ್ಲಾಸ್ಟಿಕ್ ಹೊದಿಕೆ ಇನ್ನೂ ಕಿತ್ತಿರಲಿಲ್ಲ, ಒಳಗೆಲ್ಲ ಹೊಸ ರಬ್ಬರಿನ ಘಮ. ಸ್ಟೆಪ್ನಿ ಇಸ್ತ್ರಿ ಮಾಡಿದ ಖಾಕಿಯಲ್ಲಿ, ಜಡೆ ಎತ್ತಿ ಕಟ್ಟಿ, ಡ್ರೈವರ್ ಸೀಟನ್ನು ತನ್ನ ಕಾಲಿಗೆ ಸರಿಯಾಗಿ ಮುಂದಕ್ಕೆಳೆದುಕೊಂಡಳು. ಪಂಚರ್ ರಾಯರು ಒಂದೊಂದು ಚಕ್ರದ ಹತ್ತಿರವೂ ಬಗ್ಗಿ, ಬೆರಳ ಗೆಣ್ಣಿನಿಂದ ತಟ್ಟಿ, ಕಿವಿಗೊಟ್ಟು ಕೇಳಿದರು. ಹಿಂದೆ ಕಟ್ಟಿದ್ದ ಸ್ಟೆಪ್ನಿ ಟೈರನ್ನು ಮಾತ್ರ ತಟ್ಟಲಿಲ್ಲ, ಮೆಲ್ಲಗೆ ಸವರಿದರು.

ಬೀದಿಗೆ ಬೀದಿಯೇ ಹತ್ತಿತ್ತು. ಅವರ ಜೊತೆ ನಿಜವಾಗಿ ಗುಡ್ಡದಾಚೆಗೆ ಹೋಗಬೇಕಾದ ಪಾಪದವರೂ ಇದ್ದರು. ಕಂಡಕ್ಟರಮ್ಮ ಯಾರನ್ನೂ ಬಿಡದೆ ಟಿಕೆಟ್ ಹರಿಯುತ್ತ ಬಂದು ಗಂಡನ ಮುಂದೆ ನಿಂತಳು.

“ಎಲ್ಲಿಗೆ?”

“ಗೊತ್ತಿಲ್ವೇನೇ? ಸೇತುವೆಗೆ.”

“ಟಿಕೆಟ್ ತಗೊಳ್ಳಿ.”

“ನಂಗೂನಾ? ರಿಯಾಯಿತಿ ಏನೂ ಇಲ್ವಾ?”

“ಮುದುಕ ಆಗಿದೀನಿ ಅಂತ ಬಾಯಿಬಿಟ್ಟು ಹೇಳಿ, ಕೊಡ್ತೀನಿ.”

ರಾಯರು ಪೂರ್ತಿ ಟಿಕೆಟ್ ತಗೊಂಡರು. ಬಸ್ಸು ನಕ್ಕಿತು. ಕಂಡಕ್ಟರಮ್ಮ ಹಿಂದಿನ ಬಾಗಿಲ ಫುಟ್‌ಬೋರ್ಡಿನ ಮೇಲೆ ನಿಂತು, ಹಿಂದೆ ನೋಡಿ, ಮುಂದೆ ನೋಡಿ, ಸೀಟಿ ಊದಿ, “ರೈಟ್!” ಅಂದಳು. ಸ್ಟ್ಯಾಂಡಿನ ಪಾರಿವಾಳಗಳೆಲ್ಲ ಎದ್ದು ಪಕ್ಕದ ಊರಿಗೆ ವಲಸೆ ಹೋದವು.

ಓಡಿಸಿದಳು ನೋಡಿ ಸ್ಟೆಪ್ನಿ! ಮಾರುಕಟ್ಟೆಯ ತಿರುವಿನಲ್ಲಿ ಎಂತೆಂಥ ಹಳೇ ಡ್ರೈವರುಗಳು ಮೂರು ಸಲ ಹಿಂದೆ ಮುಂದೆ ಮಾಡಿ, ದೇವರನ್ನೂ ಹಣ್ಣಿನ ಅಂಗಡಿಯವರನ್ನೂ ಬೈದು ತಿರುಗಿಸುತ್ತಾರೆ. ಇವಳು ಒಂದೇ ಎಳೆತಕ್ಕೆ, ಜೋಡಿಸಿಟ್ಟ ಕಿತ್ತಳೆಯ ರಾಶಿಯಲ್ಲಿ ಒಂದು ಹಣ್ಣೂ ಅಲ್ಲಾಡದ ಹಾಗೆ ತಿರುಗಿಸಿದಳು. ಬಸ್ಸು ಎಷ್ಟು ನಯವಾಗಿ ಹೋಯಿತೆಂದರೆ, ನಿಂತಿದ್ದವರು ಕಂಬಿ ಹಿಡಿಯುವುದನ್ನೇ ಮರೆತರು. ಗುಡ್ಡದಾಚೆಗೆ ಹೊರಟ ಅಜ್ಜಿಯೊಬ್ಬಳು, “ಬಸ್ಸು ಹೊರಟಾಯ್ತೇನಮ್ಮಾ?” ಅಂತ ಸೇತುವೆ ಹತ್ತಿರ ಬಂದಾಗ ಕೇಳಿದಳು.

ಸೇತುವೆ ಸ್ಟಾಪಿನಲ್ಲಿ ಆ ಡಿಪೋದ ಕಂಡಕ್ಟರು ಕಾಯುತ್ತಿದ್ದ. ಸಣಕಲು ದೇಹದ, ಸಣ್ಣ ದನಿಯ ಸಂಭಾವಿತ. ಅವನು “ಟಿಕೆಟ್” ಅಂದರೆ ಕ್ಷಮಿಸಿ ಅಂದ ಹಾಗೆ ಕೇಳುತ್ತಿತ್ತು. ಮನೆಯವರು, ಬೀದಿಯವರು ಎಲ್ಲ ಇಳಿದರು. ದೊಡ್ಡವನು ತಂಗಿಯ ಪಾಲು ಬಿಟ್ಟು ಉಳಿದ ಬುತ್ತಿಯನ್ನೂ ಇಳಿಸಿಕೊಂಡ. ಕಂಡಕ್ಟರಮ್ಮ ಚರ್ಮದ ಚೀಲವನ್ನು ಹೆಗಲಿಂದ ತೆಗೆದು ಅವನ ಕೈಗಿತ್ತು, ಕೆಳಗಿಳಿದು, ರಸ್ತೆಯ ಮೇಲೆ ನಿಂತಳು. ಎಲ್ಲರ ಕಣ್ಣೂ ಅವಳ ಮೇಲೆ. ಕನ್ನಡಿಯಲ್ಲಿ ಮಗಳ ಕಣ್ಣೂ ಅವಳ ಮೇಲೆ. ಸೀಟಿಯನ್ನು ಬಾಯಿಯ ಹತ್ತಿರ ಒಯ್ದು ಕೆಳಗಿಳಿಸಿದಳು. ಮೀಸೆಯ ಮುಖ ನೆನಪಾಯಿತು. ನೆನಪಾದದ್ದೇ ಒಳ್ಳೆಯದಾಯಿತು, ಸಿಟ್ಟಿಗೆ ಬಾಯಿ ತಾನಾಗಿ ತೆರೆದುಕೊಂಡಿತು.

“ರೈಟ್!”

ಎಂಥ ರೈಟ್! ಹೊಳೆಯ ನೀರು ಒಂದು ಗಳಿಗೆ ಅವಸರ ಮಾಡಿಕೊಂಡು ಹರಿಯಿತು. ಬಸ್ಸು ಹೊರಟಿತು. ಬೀದಿಯವರು ಹೋ ಎಂದು ಕೈಬೀಸಿದರು. ಕಂಡಕ್ಟರಮ್ಮನೂ ಕೈಬೀಸಿದಳು. ಗಂಡ ಸಣ್ಣಗಾಗುತ್ತ ಹೋದರು, ದೊಡ್ಡವನ ಗಡ್ಡ ಸಣ್ಣಗಾಗುತ್ತ ಹೋಯಿತು, ನಡುವಿನವಳು ಎರಡೂ ಕೈ ತಲೆಯ ಮೇಲಿಟ್ಟುಕೊಂಡು ಏನೋ ಕೂಗುತ್ತಿದ್ದಳು.

ಪಕ್ಕದಲ್ಲಿ ಸಣ್ಣ ದನಿ ಕೇಳಿತು. “ಅಮ್ಮಾ, ತಪ್ಪು ತಿಳ್ಕೋಬೇಡಿ. ನೀವು ಬಸ್ಸಲ್ಲೇ ಇದ್ದೀರಿ.”

ನೋಡಿಕೊಂಡಳು. ನಿಜ. ಬಾಯಿ ರೈಟ್ ಅಂದದ್ದೇ ತಡ, ಕಾಲು ತನ್ನ ಪಾಡಿಗೆ ತಾನು ಫುಟ್‌ಬೋರ್ಡ್ ಹತ್ತಿಬಿಟ್ಟಿತ್ತು. ಬಾಯಿಗೆ ಕೊಟ್ಟ ಬುದ್ಧಿ ಕಾಲಿಗೆ ಮುಟ್ಟಿರಲಿಲ್ಲ.

ಈಗ ಬಸ್ಸು ನಿಲ್ಲಬೇಕು. ನಿಲ್ಲಬೇಕಾದರೆ ಯಾರಾದರೂ ಆ ಮಾತು ಆಡಬೇಕು. ಅವಳು ಹೊಸ ಕಂಡಕ್ಟರನ ಮುಖ ನೋಡಿದಳು. ಅವನು ವಿನಯದಿಂದ ತಲೆ ತಗ್ಗಿಸಿದ. ಕೊನೆಗೆ ಕಂಡಕ್ಟರಮ್ಮ, ಮದುವೆಮನೆಯಲ್ಲಿ ಕೆಮ್ಮು ಬಂದವರ ಹಾಗೆ ಸೆರಗು ಬಾಯಿಗೆ ಹಿಡಿದು, “ಹೋಲ್ಡಾನ್” ಅಂದಳು. ಸರ್ವಿಸಿನಲ್ಲೇ ಮೊದಲ ಸಲ, ಹೇಳಿದ ರೈಟ್ ವಾಪಸ್ಸು.

ಇಳಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಎರಡೂ ಕಾಲನ್ನು ನೆಲಕ್ಕೆ ಮೊಳೆ ಹೊಡೆದ ಹಾಗೆ ಊರಿ, “ರೈಟ್!” ಅಂದಳು. ಬಸ್ಸು ಹೊರಟಿತು. ಕಿಟಕಿಯ ಅಜ್ಜಿ ಪಕ್ಕಕ್ಕೆ ತಿರುಗಿ ನೋಡಿ, “ಮತ್ತೆ ಬಂದ್ಯೇನವ್ವಾ?” ಅಂದಳು. ಮತ್ತೆ ಬಂದಿದ್ದಳು.

“ಹೋಲ್ಡಾನ್!”

ಈಗ ಬಸ್ಸೊಳಗೆ ನಗೆಯ ಹೊಳೆ. “ಬಾಗಿಲು ಹಾಕ್ರೀ, ಕಂಡಕ್ಟರಮ್ಮ ನುಗ್ತಾರೆ!” ಅಂದನೊಬ್ಬ. “ಬೇಡ ಬಿಡ್ರೀ, ನಮ್ಮೂರಿನವರೆಗೂ ಹೀಗೇ ಕರ್ಕೊಂಡು ಹೋಗೋಣ” ಅಂದನಿನ್ನೊಬ್ಬ. ಅಷ್ಟರಲ್ಲಿ ಪಂಚರ್ ರಾಯರೂ ಮಕ್ಕಳೂ ಏದುಸಿರು ಬಿಡುತ್ತ ಓಡಿಬಂದರು.

“ಅಮ್ಮಾ, ನಾನು ಹಿಡ್ಕೊಳ್ತೀನಿ, ನೀನು ಹೇಳು” ಅಂದ ದೊಡ್ಡವನು.

“ನನ್ನನ್ನ ಹಿಡ್ಕೋತಾನಂತೆ! ಮೊದಲು ನಿನ್ನ ಹೊಟ್ಟೆ ಹಿಡ್ಕೋ ಹೋಗೋ!”

“ನಾನು ರೈಟ್ ಹೇಳ್ಲಾ ಅಮ್ಮಾ?” ಹೊಸ ಕಂಡಕ್ಟರು ಮೆತ್ತಗೆ ಕೇಳಿದ. ಉತ್ತರ ಬಂದದ್ದು ಡ್ರೈವರ್ ಸೀಟಿನಿಂದ. ಸ್ಟೆಪ್ನಿ ಕಿಟಕಿಯಿಂದ ತಲೆ ಹೊರಗೆ ಹಾಕಿದ್ದಳು.

“ಬೇಡ ಸಾರ್. ನಮ್ಮನೇಲಿ ಅಮ್ಮನ ರೈಟ್ ಇಲ್ದೆ ಯಾರೂ ಹೊರಟಿಲ್ಲ. ಅವಳು ಕೆಳಗೆ ನಿಂತು ಹೇಳೋವರೆಗೂ ನಾನು ಗೇರು ಹಾಕಲ್ಲ.” ಆಮೇಲೆ ದನಿ ತಗ್ಗಿಸಿ, “ಅಮ್ಮಾ, ಮೊದಲ ದಿನಾನೇ ಲೇಟಾದ್ರೆ ಹೆಂಗಸರ ಡ್ರೈವಿಂಗು ಇಷ್ಟೇ ಅಂತಾರೆ ಕಣೇ. ಬೇಗ.”

ಕಂಡಕ್ಟರಮ್ಮನ ಹಣೆಯಲ್ಲಿ ಬೆವರು. ಇಷ್ಟು ವರ್ಷ ಬಸ್ಸುಗಳನ್ನು ಅಂಗೈಯಲ್ಲಿ ಆಡಿಸಿದವಳ ಕೈಯಲ್ಲಿ ಈಗ ತನ್ನವೇ ಎರಡು ಕಾಲು ನಿಲ್ಲುತ್ತಿಲ್ಲ. ಗಂಡನ ಮುಖ ನೋಡಿದಳು. ರಾಯರು ಬಾಗಿಲನ್ನು ನೋಡಿದರು, ಅವಳ ಕಾಲನ್ನು ನೋಡಿದರು, ಪಂಚರ್ ಎಲ್ಲಿದೆ ಅಂತ ಹುಡುಕುವಾಗ ಟ್ಯೂಬನ್ನು ನೋಡುವ ಹಾಗೆ. ಆಮೇಲೆ ಬಾಯಿ ತೆರೆದರು. ಬೀದಿಯವರೆಲ್ಲ ಗಪ್ಪಾದರು.

“ಹಿಂದೆ ಯಾಕೆ ನಿಲ್ತೀಯೇ? ಹಿಂದಿಂದ ಹೇಳಿದ್ರೆ ಸ್ಟೆಪ್ನಿ ಯಾವತ್ತು ಹೊರಟಿದ್ಲು?”

ಅಷ್ಟೇ. ಕಂಡಕ್ಟರಮ್ಮ ದಿಟ್ಟಿಸಿ ನೋಡಿದಳು. ಆಮೇಲೆ ಸರಸರನೆ ಬಸ್ಸಿನ ಉದ್ದಕ್ಕೂ ನಡೆದು, ಮೂತಿ ದಾಟಿ, ಬಸ್ಸಿನ ಎದುರಿಗೆ ರಸ್ತೆಯ ನಡುವೆ ಹೋಗಿ ನಿಂತಳು. ಅಲ್ಲಿ ಫುಟ್‌ಬೋರ್ಡಿಲ್ಲ, ಹಿಡಿಕಂಬಿಯಿಲ್ಲ, ಕಾಲಿಗೆ ಹತ್ತೋಣ ಅಂದರೂ ಏನೂ ಇಲ್ಲ.

ಅಲ್ಲಿಂದ ತಲೆ ಎತ್ತಿದವಳು ಹಾಗೇ ನಿಂತಳು. ಕಂಡಕ್ಟರಾದವಳಿಗೆ ಡ್ರೈವರು ಅಂದರೆ ಕತ್ತಿನ ಹಿಂಭಾಗ ಮಾತ್ರ. ಮೀಸೆಯ ಮೀಸೆಗಿಂತ ಅವನ ಕತ್ತಿನ ಹಿಂದಿನ ಮಚ್ಚೆಯೇ ಅವಳಿಗೆ ಹೆಚ್ಚು ಪರಿಚಯ. ಇವತ್ತೂ ಸ್ಟ್ಯಾಂಡಿನಿಂದ ಸೇತುವೆಯವರೆಗೆ ಮಗಳ ಎತ್ತಿಕಟ್ಟಿದ ಜಡೆಯನ್ನಷ್ಟೇ ನೋಡಿಕೊಂಡು ಬಂದಿದ್ದಳು. ಈಗ ದೊಡ್ಡ ಗಾಜಿನ ಹಿಂದೆ, ಎತ್ತರದಲ್ಲಿ, ಸ್ಟೇರಿಂಗಿನ ಮೇಲೆ ಎರಡೂ ಕೈಯಿಟ್ಟು ಕೂತವಳ ಮುಖ ಮೊದಲ ಸಲ ಎದುರಿನಿಂದ ಕಂಡಿತು. ಸೈಕಲ್ ಕಡ್ಡಿ ಹಿಡಿದು ನಿಂತಿದ್ದಾಗಲೂ ತುಟಿಯನ್ನು ಹೀಗೇ ಒಳಗೆ ಮಡಚಿಕೊಂಡಿದ್ದಳು. ಕಣ್ಣಲ್ಲಿ ಹೆದರಿಕೆಯ ಚೂರೂ ಇರಲಿಲ್ಲ. ಹೊರಡಬೇಕು ಅನ್ನುವ ತವಕ ಮಾತ್ರ ಇತ್ತು, ಅದಕ್ಕೂ ಮೊದಲು ಅಮ್ಮನ ಮುಖ ನೋಡಬೇಕು ಅನ್ನುವ ಆಸೆ.

ಆವತ್ತೂ ಇದೇ ಬೇಕಾಗಿತ್ತಲ್ಲ ಇವಳಿಗೆ, ಅಂದುಕೊಂಡಳು ಕಂಡಕ್ಟರಮ್ಮ. ಮುಖ ಕಂಡರೆ ಸಾಕು, ಹೋಗ್ತಾಳೆ.

ಎರಡೂ ಕೈ ಎತ್ತಿದಳು. “ಬರ್ಲಿ” ಅಂದಳು. ಬಸ್ಸು ಗುರ್ರೆಂದು ಮೆಲ್ಲಗೆ ಮುಂದಕ್ಕೆ ಬಂತು. ಅವಳು ಒಂದು ಹೆಜ್ಜೆ ಹಿಂದಿಟ್ಟಳು. “ಬರ್ಲಿ, ಬರ್ಲಿ...” ಬಸ್ಸು ಬಂತು, ಅವಳು ಹಿಂದೆ ಸರಿದಳು. ಅಷ್ಟು ದೊಡ್ಡ ಬಸ್ಸು ಹೊಸದಾಗಿ ನಡೆಯುವ ಮಗುವಿನ ಹಾಗೆ ಅವಳ ಕೈಯನ್ನೇ ನೋಡಿಕೊಂಡು ತೆವಳಿತು. ಗಾಜಿನ ಹಿಂದೆ ಸ್ಟೆಪ್ನಿಯ ತುಟಿ ಬಿಚ್ಚಿ ನಗು ಹೊರಬಂತು. ಸೇತುವೆಯ ಬಾಯಿ ಬಂತು. ಕಂಡಕ್ಟರಮ್ಮ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು, ಎದೆ ತುಂಬ ಉಸಿರೆಳೆದುಕೊಂಡಳು.

“ರೈಟ್!”

ಆ ರೈಟಿನ ಬಗ್ಗೆ ಏನು ಹೇಳಿದರೂ ಕಡಿಮೆಯೇ. ಸೇತುವೆಯ ಕಂಬಗಳು ನೆಟ್ಟಗೆ ನಿಂತುಕೊಂಡವು. ಹೊಳೆಯಲ್ಲಿ ಬಟ್ಟೆ ಒಗೆಯುತ್ತಿದ್ದವರ ಕೈಯಿಂದ ಸೋಪು ಜಾರಿ ಸಮುದ್ರದ ಕಡೆಗೆ ಹೊರಟಿತು. ದೊಡ್ಡವನು ಆಮೇಲೆ ಆಣೆ ಮಾಡಿ ಹೇಳುತ್ತಾನೆ, ಬಂದರಿನಲ್ಲಿ ಲಂಗರು ಹಾಕಿದ್ದ ಅವನ ಹಡಗೂ ಆ ಹೊತ್ತಿಗೆ ಸ್ವಲ್ಪ ಅಲ್ಲಾಡಿತಂತೆ. ಪಂಚರ್ ರಾಯರು ಗಂಟೆಯಿಲ್ಲದ್ದಕ್ಕೆ ದೊಡ್ಡವನ ಬುತ್ತಿಯ ತಟ್ಟೆಯನ್ನೇ ಕಲ್ಲಿನಿಂದ ಎರಡು ಸಲ ಬಾರಿಸಿದರು. ಬಸ್ಸು ಗೇರು ಬದಲಿಸಿ, ಉದ್ದಕ್ಕೆ ಹಾರನ್ ಹೊಡೆದು, ಅಮ್ಮನ ಪಕ್ಕದಲ್ಲೇ, ಸೆರಗಿಗೆ ಗಾಳಿ ಬೀಸಿಕೊಂಡು ಹೋಯಿತು. ಆವತ್ತು ಮಗು ಮಡಿಲಿನ ಪಕ್ಕದಿಂದ ತೂರಿಕೊಂಡು ಹೋಗಿತ್ತಲ್ಲ, ಥೇಟ್ ಹಾಗೇ. ಕಿಟಕಿಯ ಅಜ್ಜಿ ತಲೆ ಹೊರಗೆ ಹಾಕಿ, “ಈ ಸಲ ಬರ್ಲಿಲ್ಲ ನೋಡ್ರೋ!” ಅಂತ ಕೂಗಿದ್ದು ಎಲ್ಲರಿಗೂ ಕೇಳಿತು.

“ಗಾಳಿ ನೋಡ್ಕೊಂಡು ಹೋಗು!” ಪಂಚರ್ ರಾಯರು ಬಸ್ಸಿನ ಹಿಂದೆ ಓಡುತ್ತ ಕೂಗಿದರು. ಅವರ ದನಿ ಇಷ್ಟು ದೊಡ್ಡದು ಅಂತ ಹೆಂಡತಿಗೂ ಗೊತ್ತಿರಲಿಲ್ಲ.

ಕಂಡಕ್ಟರಮ್ಮ ರಸ್ತೆಯ ಮೇಲೇ ಇದ್ದಳು. ಬಗ್ಗಿ ಕಾಲು ನೋಡಿಕೊಂಡಳು, ಎರಡೂ ನೆಲದ ಮೇಲೇ ಇದ್ದವು. ಬಸ್ಸು ಗುಡ್ಡದ ಮೊದಲ ತಿರುವಿನಲ್ಲಿ ಬೆಂಕಿಪೆಟ್ಟಿಗೆಯಷ್ಟಾಗಿ ಬಿಸಿಲಿಗೆ ಫಳಕ್ಕೆಂದಿತು. ರೈಟ್ ಅಂದು ಕೆಳಗೆ ಉಳಿದವರಿಗೆ ಬಸ್ಸು ಇಷ್ಟು ಹೊತ್ತು ಕಾಣಿಸುತ್ತದೆ ಅನ್ನುವುದು ಅವಳಿಗೆ ಹೊಸ ವಿಷಯ. ಒಳಗಿದ್ದವಳಿಗೆ ಇದು ಯಾವತ್ತೂ ಕಂಡಿರಲಿಲ್ಲ. ಕಣ್ಣೊರೆಸಿಕೊಂಡು ತಿರುಗಿದಳು.

“ಏನು ಎಲ್ಲರೂ ಬಾಯಿ ಬಿಟ್ಕೊಂಡು ನಿಂತಿದ್ದೀರಿ? ದೊಡ್ಡೋನೇ, ಆ ಬುತ್ತಿ ಬಿಚ್ಚೋ. ಇವತ್ತು ಸೇತುವೆ ಮೇಲೇ ಊಟ!”

ಊಟ ಮುಗಿಯುವ ಹೊತ್ತಿಗೆ ಊರಿಗೆ ವಾಪಸ್ ಹೋಗುವ ಬಸ್ಸು ಬಂತು. ಡ್ರೈವರು ಮೀಸೆ. ಗುಡ್ಡದ ಕಡೆಯಿಂದ ಬಂದವನು, ದಾರಿಯಲ್ಲಿ ಸ್ಟೆಪ್ನಿಯ ಬಸ್ಸಿಗೆ ಸೈಡ್ ಕೊಟ್ಟು ಬಂದಿದ್ದ. ಸುದ್ದಿ ಆಗಲೇ ಅವನ ಕಿವಿ ಮುಟ್ಟಿತ್ತು.

“ಎರಡು ಸಲ ವಾಪಸ್ ಹತ್ತಿದ್ಯಂತೆ ಕಂಡಕ್ಟರಮ್ಮಾ? ಹೋಲ್ಡಾನ್ ಅಂದ್ಯಂತೆ?”

“ಹೊಸ ಬಸ್ಸು ಕಣೋ” ಅಂದಳು ಅವಳು, ಹತ್ತಿ ಕೂತು ಸೀಟಿಗೆ ಒರಗಿ ಕಾಲು ಚಾಚಿಕೊಂಡು. “ಬ್ರೇಕ್ ಹಿಡಿಯುತ್ತೋ ಇಲ್ವೋ ಅಂತ ನೋಡ್ಬೇಕಲ್ಲ. ಎರಡು ಸಲ ನೋಡ್ದೆ. ಚೆನ್ನಾಗಿದೆ.”

ಮೀಸೆ ಕನ್ನಡಿಯಲ್ಲಿ ಅವಳನ್ನೇ ನೋಡುತ್ತ ಕೂತ. ಅವನ ಕಂಡಕ್ಟರು ರೈಟ್ ಅಂದ. ಬಸ್ಸು ಅಲ್ಲಾಡಲಿಲ್ಲ. ಇನ್ನೊಂದು ಸಲ ಅಂದ. ಇಲ್ಲ.

“ನಿಂದಲ್ಲಪ್ಪಾ” ಅಂದ ಮೀಸೆ. “ಗುಡ್ಡದಾಚೆ ನಿಂತಿದ್ದೆ ನಾನು. ಅಲ್ಲಿಗೆ ಒಂದು ರೈಟ್ ಕೇಳಿಸ್ತು, ಹೊರಟು ಬಂದೆ. ಅಂಥದ್ದೇ ಇನ್ನೊಂದು ಬೇಕು.”

ಕಂಡಕ್ಟರಮ್ಮ ಸೀಟು ಬಿಟ್ಟು ಏಳಲೂ ಇಲ್ಲ. ಕೂತಲ್ಲಿಂದಲೇ ಹೇಳಿದಳು. ಅಷ್ಟಕ್ಕೇ ಬಸ್ಸು ಹೊರಟಿತು. ಆ ಕೂಗಿನ ರಭಸಕ್ಕೆ ಊರಿನ ಪೋಸ್ಟಾಫೀಸಿನ ಗಡಿಯಾರ ಇವತ್ತಿಗೂ ಸ್ವಲ್ಪ ಮುಂದೇ ಓಡುತ್ತಿದೆ.